ಎರಡು ಹೆಸರಿನ ಚಿತ್ರನಿರ್ದೇಶಕ

ಮದರಾಸನ್ನು ಕಂಡ ವಾಚಕರು ಅಲ್ಲಿಯ ಅರ್ಮೇನಿಯನ್ ಬೀದಿಯನ್ನೂ ಅದರಲ್ಲಿರುವ ಹಳೆಯ ಇಗರ್ಜಿಯನ್ನೂ ನೋಡಿರಬಹುದು. ಆ ಜನಾಂಗದ ಮೊಟ್ಟಮೊದಲನೆಯ ಪತ್ರಿಕೆಯು 1794ರಲ್ಲಿ ಅಚ್ಚಾದುದು ಆ ಪಟ್ಟಣದಲ್ಲಿಯೇ. ವ್ಯಾಪಾರಕ್ಕೆಂದು ಬಂದು ಪರದೇಶದಲ್ಲಿ ನೆಲಸಿದ ಅರ್ಮೇನಿಯರು ಒಂದು ಬಗೆ. ಪ್ರಾಣ ಉಳಿದರೆ ಸಾಕೆಂದು ಊರು ಬಿಟ್ಟವರು ಇನ್ನೊಂದು ಬಗೆ. ಈ ಎರಡನೆಯ ಬಗೆಯ ಸಂಸಾರವೊಂದರ ಮಗನೇ ಫ್ರಾನ್ಸಿನ ಹೆಸರಾಂತ ಚಿತ್ರನಿರ್ದೇಶಕ ಆಂರಿ ವೆರ್ನೆಯ್.

ಆದರೆ ತಂದೆತಾಯಿಗಳು ಇಟ್ಟ ಹೆಸರು ಇದಲ್ಲ. 1920ನೆಯ ಅಕ್ಟೋಬರ್ 15ರಂದು, ಇಂದು ತುರ್ಕಿಗೆ ಸೇರಿರುವ ರೊಡೋಸ್ತೋ ಎಂಬ ಕಡಲತಡಿಯ ಊರಿನಲ್ಲಿ ಹುಟ್ಟಿದಾಗ ಈತನು ಅಶೋದ್ ಮಲಾಕಿಯಾನ್. 1915ರಲ್ಲಿ ಮೊದಲಾದ ಹತ್ಯಾಕಾಂಡದಲ್ಲಿ ಲಕ್ಷಾಂತರ ಅರ್ಮೇನಿಯರು ಮಡಿದಿದ್ದರು; ಬದುಕಿ ಉಳಿದವರಿಗೂ ಅಲ್ಲಿ ನೆಲೆ ತಪ್ಪಿತ್ತು. 1924ರಲ್ಲಿ ಮಲಾಕಿಯಾನರ ಮನೆಯವರು ಎಳೆಯ ಮಗುವಿನೊಡನೆ ಮಾರ್ಸೇಲ್ ರೇವಿಗೆ ಬಂದು ಸೇರಿದರು. ನಿರಾಶ್ರಿತರ ಆ ಮನೆಯಲ್ಲಿ ಮಗನ ವಿದ್ಯಾಭ್ಯಾಸಕ್ಕೆ ಮಾತ್ರ ಕೊರತೆಯಾಗಲಿಲ್ಲ. ಎಕ್ಸ್ ಪಟ್ಟಣದ ಯಂತ್ರಶಿಲ್ಪ ವಿದ್ಯಾಲಯದಲ್ಲಿ ಓದಿದ ಹುಡುಗನು ಯಂತ್ರಗಳ ಸಹವಾಸವನ್ನು ಬಿಟ್ಟು ಪತ್ರಿಕೆಗೂ ಅಲ್ಲಿಂದ ಚಲಚ್ಚಿತ್ರಕ್ಕೂ ಹೊರಳಿದನು.

ಅರ್ಮೇನಿಯರ ಮನೆತನದ ಹೆಸರುಗಳ ಕೊನೆಯಲ್ಲಿ ಬರುವ ‘ಯಾನ್’ ಎಂಬುದಕ್ಕೆ ಇಂಥವರ ವಂಶದವನು ಎಂದರ್ಥ. ಚಿತ್ರರಂಗವನ್ನು ಹೊಕ್ಕವನು ಆ ಗುರುತನ್ನು ಕಳಚಿಟ್ಟು ಅಚ್ಚ ಫ್ರೆಂಚ್ ಹೆಸರನ್ನು ತಳೆದನು. ಹೊಟ್ಟೆಪಾಡಿಗಾಗಿ ಪರದೇಶದಲ್ಲಿ ಹೀಗೆ ಮಾಡಿದವರು ಎಷ್ಟೋ ಮಂದಿ. ಅದನ್ನು ತಪ್ಪೆನ್ನಲು ನಮಗೆ ನಾಲಗೆ ಬಾರದು.

1947ರಲ್ಲಿ ಹಾಸ್ಯನಟ ಫೆರ್ನಾಂದೆಲನೊಡನೆ ಒಂದು ಕಿರುಚಿತ್ರ. 1951ರಿಂದ ದೊಡ್ಡ ಚಿತ್ರಗಳು. 1959ರ ‘ಹಸುವೂ ಸೆರೆಯಾಳೂ’ ಎಂಬುದು ನಮ್ಮ ಮನೆಯ ಮಕ್ಕಳೂ ನೋಡಿ ನಗಬಹುದಾದ ಕಥೆ. ಜರ್ಮನಿಯಲ್ಲಿ ಸೆರೆಸಿಕ್ಕ ಫ್ರೆಂಚ್ ಸಿಪಾಯಿಯೊಬ್ಬನು ಒಂದು ಹಸುವಿನ ಹಗ್ಗ ಹಿಡಿದು ಹಗಲುಹೊತ್ತಿನಲ್ಲಿಯೇ ನಡೆದುಬಿಡುತ್ತಾನೆ. ಹಸು ಹೊಡೆದುಕೊಂಡು ಹೋಗುವವನನ್ನು ಯಾರು ಅನುಮಾನಿಸುತ್ತಾರೆ? ಕಡೆಗೆ ಹಸುವನ್ನು ಬಿಟ್ಟು ಫ್ರಾನ್ಸನ್ನು ಮುಟ್ಟಿದವನು, ಪೊಲೀಸರಿಂದ ತಪ್ಪಿಸಿಕೊಳ್ಳಲು ಹತ್ತಿದ ರೈಲು ಮತ್ತೆ ಜರ್ಮನಿಗೇ ಹೊರಟಿರುತ್ತದೆ! ಬಳಿಕ ಗಬೆನ್, ದೆಲೋನ್, ಬೆಲ್ಮೊಂದೊ ಮೊದಲಾದ ನಟಶ್ರೇಷ್ಠರೆಲ್ಲ ಈತನ ಕೈಕೆಳಗೆ ಅಭಿನಯಿಸಿದರು. 1969ರ ‘ಸಿಸಿಲಿಯವರ ತಂಡ’ ಬೇರೆ ದೇಶಗಳಲ್ಲಿಯೂ ಓಡಿತು. ‘ಹೊಸ ಅಲೆ’ಯ ತರುಣ ವಿಮರ್ಶಕರಿಗೆ ಇಂಥ ಜನಪ್ರಿಯ ಚಿತ್ರಗಳೆಂದರೆ ತಾತ್ಸಾರ. ಕಥೆಯನ್ನು ಕಟ್ಟುಮಸ್ತಾಗಿ ಹೇಳುವುದೂ ಒಂದು ವಿದ್ಯೆಯೇ ಎಂಬುದನ್ನು ಅವರು ಮರೆತರೆಂದು ತೋರುತ್ತದೆ.

ಇಷ್ಟು ಚಿತ್ರಗಳಲ್ಲಿ ಮಲಾಕಿಯಾನರ ಮನೆಯ ಕಥೆ ಮಾತ್ರ ಇರಲಿಲ್ಲ. ಅರುವತ್ತೈದರ ಅಂಚಿನಲ್ಲಿ, 1985ರಲ್ಲಿ, ಈತನು ‘ಮೈರಿಗ್’ ಎಂಬ ಪುಸ್ತಕವನ್ನು ಪ್ರಕಟಿಸಿದನು. ಅರ್ಮೇನಿಯದ ಮಾತಿನಲ್ಲಿ ಮೈರಿಗ್ ಎಂದರೆ ಅಮ್ಮ. 1991ರಲ್ಲಿ ಅದೇ ಚಿತ್ರವಾಯಿತು. ತಾಯಿಯಾಗಿ ಕ್ಲೌಡಿಯಾ ಕಾರ್ಡಿನಾಲೆ, ತಂದೆಯಾಗಿ ಈಜಿಪ್ಟಿನ ಒಮರ್ ಷರೀಫ್. ತಂದೆ, ತಾಯಿ, ಇಬ್ಬರು ಚಿಕ್ಕಮ್ಮಂದಿರು ಮನೆಯಲ್ಲಿಯೇ ಅಂಗಿ ಹೊಲಿದು ಒಬ್ಬನೇ ಹುಡುಗನನ್ನು ಮುಂದೆ ತರುವ ಕಥೆ ಅದು.

ಮರುವರ್ಷವೇ ಅದರ ಮುಂದಿನ ಭಾಗ, ‘588, ಪಾರಾದಿ ಬೀದಿ’. ಆ ಹುಡುಗನು ಈಗ ಪ್ರಸಿದ್ಧ ನಾಟಕಕಾರ. ಜಕಾರಿಯಾನ್ ಎಂಬ ಮನೆತನದ ಹೆಸರನ್ನು ಕತ್ತರಿಸಿ ಜಕಾರ್ ಎಂದುಕೊಂಡಿದ್ದಾನೆ. ಆ ಕತ್ತರಿ ತಂದೆಯ ಎದೆಗೆ ತಾಕುತ್ತದೆ. ತಂದೆ ತೀರಿಕೊಂಡ ಮೇಲೆ ಮಗನು ಪೂರ್ಣ ಹೆಸರನ್ನು ಮತ್ತೆ ಹಿಡಿಯುತ್ತಾನೆ. ಮಾರ್ಸೇಲಿನ ಸಿರಿವಂತರ ಆ ಬೀದಿಯಲ್ಲಿ ತಾಯಿಗೆ ಮನೆಯನ್ನು ಕೊಳ್ಳುತ್ತಾನೆ. ಪಾತ್ರದ ಹೆಸರು ಬೇರೆಯಾದರೂ ಯಾರ ಮಾತು ಇದೆಂಬುದು ವಾಚಕರಿಗೆ ತಿಳಿಯದಿರದು.

ಇದೇ ಈತನ ಕೊನೆಯ ಚಿತ್ರ. 2000ದಲ್ಲಿ ಫ್ರಾನ್ಸಿನ ಲಲಿತಕಲಾ ಅಕಾಡೆಮಿಗೆ ಆಯ್ಕೆಯಾದನು; 2002ನೆಯ ಜನವರಿ 11ರಂದು ಕಾಲವಾದನು.