ಅಂದಾಜಿನ ಬಣ್ಣ ಒಣಗದು

ಸುಗ್ಗಿ ಮುಗಿದ ಮೇಲೆ ಟ್ರ್ಯಾಕ್ಟರು, ಟ್ರೈಲರುಗಳನ್ನು ತೊಳೆದು ನೋಡಿದರೆ ಅಲ್ಲಲ್ಲಿ ಬಣ್ಣ ಕಿತ್ತು ತಗಡು ಕಾಣುತ್ತಿರುತ್ತದೆ. ಮುಂಗಾರಿಗೆ ಮುನ್ನ ಆ ಜಾಗಗಳನ್ನು ಮುಚ್ಚದಿದ್ದರೆ ತುಕ್ಕು ಒಳಗೊಳಗೇ ಹರಡಿ ತಗಡನ್ನು ತಿಂದುಹಾಕುತ್ತದೆ. ಇಂಥ ಕೆಲಸಕ್ಕೆ ಬೇಕಾಗುವುದು ನೂರಿನ್ನೂರು ಮಿಲಿ ಬಣ್ಣ ಮಾತ್ರ. ಆದರೆ ಸ್ವಲ್ಪ ಬಣ್ಣ ಕಲಸುವುದು ಸುಲಭವೆಂದು ತಿಳಿಯುವುದು ತಪ್ಪು.

ಕೆಲವು ವರ್ಷಗಳ ಹಿಂದೆ ಅಣ್ಣನ ಟ್ರ್ಯಾಕ್ಟರಿನ ಮಡ್‌ಗಾರ್ಡಿಗೆ ನಾನೇ ಬಣ್ಣ ಬಳಿದೆ. ಗೊಬ್ಬರವನ್ನು ತೂಗಿ ಹಾಕಿ ಎಂದು ಊರೂರಿಗೆ ಹೇಳುವ ನಾನು, ಹಾರ್ಡ್‌ನರನ್ನು ಮುಚ್ಚಳದಲ್ಲಿ ಅಂದಾಜಿಗೆ ಸುರಿದಿದ್ದೆ. ಮೂರು ದಿನವಾದರೂ ಬಣ್ಣ ಅಂಟಂಟಾಗಿಯೇ ಉಳಿಯಿತು. ರಾಗಿ ಕಣದ ಹೊಟ್ಟು, ದೂಳು ಎಲ್ಲ ಮೆತ್ತಿಕೊಂಡಿತು. ಪೂರ್ತಿ ಕೆರೆದು ಮತ್ತೆ ಬಳಿಯಬೇಕಾಯಿತು. "ಬೀಜೋಪಚಾರಕ್ಕೂ ಹೀಗೇ ಅಳೀತೀಯೇನಪ್ಪಾ?" ಎಂದಷ್ಟೇ ಅಣ್ಣ ಕೇಳಿದ.

ಎರಡು ಬಗೆ

ವಾಹನಗಳ ಬಣ್ಣದಲ್ಲಿ ಸಾಮಾನ್ಯವಾಗಿ ಎರಡು ಬಗೆ. ಸಿಂಥೆಟಿಕ್ ಎನಾಮೆಲ್ ಗಾಳಿಗೆ ತಾನೇ ಒಣಗುತ್ತದೆ. ಇದಕ್ಕೆ ಬೇಕಾದಷ್ಟು ಥಿನ್ನರ್ ಬೆರೆಸಿದರಾಯಿತು. ಪಿ.ಯು. ಬಣ್ಣಕ್ಕೆ ಹಾರ್ಡ್‌ನರ್ ಸೇರಿಸಲೇಬೇಕು. ಎರಡೂ ಸೇರಿ ರಾಸಾಯನಿಕ ಕ್ರಿಯೆ ನಡೆದು ಬಣ್ಣ ಗಟ್ಟಿಯಾಗುತ್ತದೆ. ಹಾರ್ಡ್‌ನರ್ ಕಡಿಮೆಯಾದರೆ ಅಂಟು ಉಳಿಯುತ್ತದೆ. ಹೆಚ್ಚಾದರೆ ಬಣ್ಣ ಪೆಡಸಾಗಿ ಬಿರುಕು ಬಿಡಬಹುದು. ಒಂದು ಬಗೆಯ ಥಿನ್ನರನ್ನು ಇನ್ನೊಂದಕ್ಕೆ ಬಳಸಬಾರದು.

ಸಣ್ಣ ಅಳತೆ, ದೊಡ್ಡ ತಪ್ಪು

ಡಬ್ಬದ ಮೇಲೆ 4:1 ಎಂದಿದೆ ಎನ್ನೋಣ. 1 ಲೀಟರ್ ಬಣ್ಣಕ್ಕೆ 250 ಮಿಲಿ ಹಾರ್ಡ್‌ನರ್ ಬೇಕು. ಅದರಲ್ಲಿ 5 ಮಿಲಿ ವ್ಯತ್ಯಾಸವಾದರೆ ಐವತ್ತರಲ್ಲಿ ಒಂದು ಪಾಲಿನ ತಪ್ಪು. 80 ಮಿಲಿ ಬಣ್ಣಕ್ಕೆ ಬೇಕಾದ್ದು 20 ಮಿಲಿ. ಅದೇ 5 ಮಿಲಿ ಇಲ್ಲಿ ನಾಲ್ಕರಲ್ಲಿ ಒಂದು ಪಾಲಿನ ತಪ್ಪು! ಆದ್ದರಿಂದ ಬಣ್ಣ ಕಡಿಮೆಯಾದಷ್ಟೂ ಅಳತೆ ಬಿಗಿಯಾಗಿರಬೇಕು.

ಅಳೆಯುವ ವಿಧಾನ

ಮೊದಲು ಬಣ್ಣದ ಡಬ್ಬವನ್ನು ತಳದವರೆಗೂ ಕಡ್ಡಿಯಿಂದ ಚೆನ್ನಾಗಿ ಕಲಕಬೇಕು. ಬಣ್ಣದ ಪುಡಿ ತಳ ಸೇರಿರುತ್ತದೆ.

ನೇರ ಗೋಡೆಯ, ಸಮತಟ್ಟಾದ ತಳದ ಖಾಲಿ ಡಬ್ಬವೊಂದನ್ನು ಒರೆಸಿ ಒಣಗಿಸಿಕೊಳ್ಳಿ. ಬಾಯಿ ಅಗಲವಾಗಿ ತಳ ಕಿರಿದಾಗಿರುವ ಲೋಟ ಬೇಡ. ಅದರಲ್ಲಿ ಎತ್ತರದ ಲೆಕ್ಕ ತಪ್ಪುತ್ತದೆ. ಕಡ್ಡಿಯೊಂದಕ್ಕೆ ತುದಿಯಿಂದ 4 ಹಾಗೂ 5 ಸೆಂ.ಮೀ.ಗೆ ಗುರುತು ಮಾಡಿ ನೆಟ್ಟಗೆ ನಿಲ್ಲಿಸಿ. 4ರವರೆಗೆ ಬಣ್ಣ, 5ರವರೆಗೆ ಹಾರ್ಡ್‌ನರ್ ಸುರಿಯಿರಿ. ಇದಕ್ಕಿಂತ ಕಡಿಮೆ ಬೇಕಿದ್ದರೆ ಸೂಜಿಯಿಲ್ಲದ 20 ಮಿಲಿ ಪ್ಲಾಸ್ಟಿಕ್ ಸಿರಿಂಜ್ ಅನುಕೂಲ. ಆ ಸಿರಿಂಜನ್ನು ಮತ್ತೆ ದನಕರುಗಳಿಗೆ ಬಳಸಕೂಡದು.

ಡಬ್ಬದ ಪ್ರಮಾಣ ಗಾತ್ರದ್ದೋ ತೂಕದ್ದೋ ನೋಡಿಕೊಳ್ಳಿ. ಬಣ್ಣ, ಹಾರ್ಡ್‌ನರುಗಳ ಸಾಂದ್ರತೆ ಬೇರೆಬೇರೆಯಾದ್ದರಿಂದ ಗಾತ್ರದ ಲೆಕ್ಕವನ್ನು ತಕ್ಕಡಿಯಲ್ಲಿ ತೂಗಿದರೆ ತಪ್ಪಾಗುತ್ತದೆ.

ಅಂಚು, ತಳ ಕೆರೆಯುತ್ತಾ ಎರಡು ಮೂರು ನಿಮಿಷ ಕಲಸಿ, ಆಮೇಲೆ ಹೇಳಿದಷ್ಟು ಥಿನ್ನರ್ ಸೇರಿಸಿ, ತೆಳು ನೈಲಾನ್ ಬಟ್ಟೆಯಲ್ಲಿ ಸೋಸಿ. ಹಾಳು ತಗಡಿನ ಚೂರಿನ ಮೇಲೆ ಬಳಿದು, ಒಣಗಿದ ಮೇಲೆ ಬಿಸಿಲಿನಲ್ಲಿ ಬಣ್ಣ ಹೊಂದುವುದೇ ನೋಡಿ. ತುಕ್ಕು ಉಜ್ಜಿ ತೆಗೆದ ಬರಿ ತಗಡಿಗೆ ಮೊದಲು ಪ್ರೈಮರ್ ಹಚ್ಚುವುದನ್ನು ಮರೆಯಬೇಡಿ. ಬೆರೆಸಿದ ಬಣ್ಣ ಕೆಲವೇ ಗಂಟೆಗಳಲ್ಲಿ ಗಟ್ಟಿಯಾಗುತ್ತದೆ. ಆದ್ದರಿಂದ ಬೇಕಾದಷ್ಟನ್ನೇ ಬೆರೆಸಿ. ಉಳಿದದ್ದನ್ನು ಮೂಲ ಡಬ್ಬಕ್ಕೆ ಸುರಿಯಬಾರದು. ಹಾರ್ಡ್‌ನರ್ ತೇವ ಸೋಕಿದರೆ ಕೆಡುತ್ತದೆ, ಮುಚ್ಚಳ ಬಿಗಿಯಾಗಿರಲಿ.

ಎಚ್ಚರಿಕೆ

ಹಾರ್ಡ್‌ನರಿನಲ್ಲಿರುವ ಐಸೊಸಯನೇಟ್ ಉಸಿರಾಟಕ್ಕೆ ಅಪಾಯ, ಉಬ್ಬಸ ತರಬಲ್ಲದು. ಮುಖಕ್ಕೆ ಕಟ್ಟಿದ ಟವೆಲ್ ಇದನ್ನು ತಡೆಯುವುದಿಲ್ಲ. ಪಿ.ಯು. ಬಣ್ಣದ ಸಿಂಪರಣೆಯನ್ನು ಸೂಕ್ತ ಮುಸುಕು ಇರುವ ವರ್ಕ್‌ಶಾಪಿಗೇ ಬಿಡಿ. ಉಬ್ಬಸ ಇರುವವರು ಈ ಬಣ್ಣದ ಹತ್ತಿರ ಬರಕೂಡದು. ಬ್ರಷ್ಷಿನ ಸಣ್ಣ ಕೆಲಸವನ್ನೂ ಬಯಲಿನಲ್ಲಿ, ಕೈಗವಸು ಹಾಕಿಕೊಂಡು ಮಾಡಿ. ಬೀಡಿ, ಬೆಂಕಿ ದೂರವಿರಲಿ. ಅಡಿಗೆಯ ಪಾತ್ರೆ, ಔಷಧಿ ಸಿಂಪಡಣೆಯ ಅಳತೆ ಲೋಟ ಯಾವುದನ್ನೂ ಇದಕ್ಕೆ ಬಳಸಬೇಡಿ. ಉಳಿಕೆಯನ್ನು ಕಾಲುವೆಗೆ, ಬಾವಿ ಬಳಿಗೆ ಚೆಲ್ಲಬೇಡಿ.

ಗುರುತು ಹಾಕಿದ ಕಡ್ಡಿಗೆ ಖರ್ಚಿಲ್ಲ. ಅಂದಾಜಿಗೆ ಸುರಿದು ಬಣ್ಣವನ್ನು ಎರಡು ಸಲ ಕೊಳ್ಳುವುದಕ್ಕಿಂತ, ಒಂದು ಸಲ ಅಳೆದು ಬಳಿಯುವುದೇ ಲಾಭ.