ಹೊಸ ಮನೆಯ ಬಿರುಕು, ಬಿಲ್ಡರ್‌ನ ಹೊಣೆ

ಹೊಸ ಮನೆಯ ದೋಷಗಳಲ್ಲಿ ಹೆಚ್ಚಿನವು ಮೊದಲ ಮಳೆಗಾಲದಲ್ಲೇ ಹೊರಬೀಳುತ್ತವೆ. ಬೇಸಿಗೆಯಲ್ಲಿ ಗೃಹಪ್ರವೇಶ ಮುಗಿದಾಗ ಗೋಡೆ ನುಣುಪಾಗಿರುತ್ತದೆ, ಬಣ್ಣ ಹೊಳೆಯುತ್ತಿರುತ್ತದೆ. ಜುಲೈ ಹೊತ್ತಿಗೆ ಕಿಟಕಿಯ ಮೂಲೆಯಿಂದ ಓರೆಯಾಗಿ ಒಂದು ಗೆರೆ ಏಳುತ್ತದೆ, ಬಚ್ಚಲಿನ ಹಿಂದಿನ ಗೋಡೆಯಲ್ಲಿ ಬಣ್ಣ ಉಬ್ಬುತ್ತದೆ, ತಾರಸಿಯಲ್ಲಿ ನಿಂತ ನೀರು ಎರಡು ದಿನವಾದರೂ ಹೋಗುವುದಿಲ್ಲ. ಬಿಲ್ಡರ್‌ಗೆ ಫೋನ್ ಮಾಡಿದರೆ ಸಿಗುವ ಉತ್ತರ ಹೆಚ್ಚುಕಡಿಮೆ ಎಲ್ಲ ಊರಲ್ಲೂ ಒಂದೇ: ‘ಹೊಸ ಕಟ್ಟಡ ಅಲ್ವಾ ಸಾರ್, ಸೆಟ್ ಆಗೋವರೆಗೂ ಹೀಗೇ, ಮಳೆ ನಿಂತ ಮೇಲೆ ಹುಡುಗರನ್ನ ಕಳಿಸ್ತೀವಿ.’ ಈ ಮಾತು ಕೆಲವು ಬಿರುಕುಗಳ ಮಟ್ಟಿಗೆ ನಿಜ, ಕೆಲವುಗಳ ಮಟ್ಟಿಗೆ ಅಪಾಯಕಾರಿ ಸುಳ್ಳು. ಯಾವುದು ಯಾವುದೆಂದು ತಿಳಿಯುವುದೇ ಮೊದಲ ಕೆಲಸ.

ಗಾರೆಯ ಮೇಲೆ ಬಲೆಯಂತೆ ಹರಡುವ ಕೂದಲೆಳೆಯ ಗೆರೆಗಳು ಸಾಮಾನ್ಯವಾಗಿ ಕೆಲಸದ ಅವಸರದ ಗುರುತು. ಪ್ಲಾಸ್ಟರ್‌ಗೆ ಸಾಕಷ್ಟು ದಿನ ನೀರುಣಿಸಿಲ್ಲ, ಅಥವಾ ಎಂ-ಸ್ಯಾಂಡ್‌ನಲ್ಲಿ ಹುಡಿ ಹೆಚ್ಚಿದೆ, ಅಥವಾ ಸಿಮೆಂಟ್ ಹೆಚ್ಚು ಬಿದ್ದಿದೆ. ಕಂಬಕ್ಕೂ ಬ್ಲಾಕ್ ಗೋಡೆಗೂ ನಡುವೆ ನೇರವಾಗಿ ಇಳಿಯುವ ಬಿರುಕು ಎರಡು ಬೇರೆ ವಸ್ತುಗಳು ಬಿಸಿಲಿಗೆ ಬೇರೆ ಬೇರೆ ಪ್ರಮಾಣದಲ್ಲಿ ಹಿಗ್ಗಿ ಕುಗ್ಗುವುದರಿಂದ ಬರುವಂಥದ್ದು. ಪ್ಲಾಸ್ಟರ್‌ಗೆ ಮೊದಲು ಆ ಸಂದಿಗೆ ಚಿಕನ್ ಮೆಶ್ ಬಡಿದಿದ್ದರೆ ಬಹುತೇಕ ತಪ್ಪುತ್ತಿತ್ತು. ಇವೆರಡರಿಂದಲೂ ಮನೆ ಬೀಳುವುದಿಲ್ಲ. ಆದರೆ ಇವು ಕೆಲಸದ ದೋಷವೇ, ‘ಸಹಜ’ ಎಂದು ಸುಮ್ಮನಾಗಬೇಕಾದ್ದಲ್ಲ.

ಮೆಟ್ಟಿಲಿನಂತೆ ಬ್ಲಾಕ್‌ಗಳ ಸಂದಿ ಹಿಡಿದು ಓರೆಯಾಗಿ ಏರುತ್ತ, ಒಂದು ತುದಿಯಲ್ಲಿ ಅಗಲವಾಗುತ್ತ ಹೋಗುವ ಬಿರುಕಿನ ಕಥೆ ಬೇರೆ. ತಳಪಾಯದ ಒಂದು ಭಾಗ ಕುಸಿಯುತ್ತಿದೆ ಎಂಬುದರ ಸೂಚನೆ ಅದು. ಹುಬ್ಬಳ್ಳಿ, ವಿಜಯಪುರದ ಕಡೆಯ ಎರೆಮಣ್ಣಿನಲ್ಲಿ ಇದು ಹೆಚ್ಚು, ಏಕೆಂದರೆ ಆ ಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಕುಗ್ಗುತ್ತದೆ. ಬೆಂಗಳೂರಿನಲ್ಲಿ ಕೆರೆಯಂಗಳದಲ್ಲೋ ಹೊರಗಿಂದ ತಂದ ಮಣ್ಣು ತುಂಬಿಸಿದ ನಿವೇಶನದಲ್ಲೋ ಕಟ್ಟಿದ ಮನೆಗಳಿಗೂ ಇದೇ ಪಾಡು. ಇನ್ನು ಕಂಬ ಅಥವಾ ಬೀಮ್‌ನಲ್ಲಿ ಕಂಬಿಯ ಉದ್ದಕ್ಕೇ ಬಿರುಕು ಬಿಟ್ಟು, ಕಂದು ಕಲೆ ಮೂಡಿ, ಕಾಂಕ್ರೀಟಿನ ಚಕ್ಕೆ ಉದುರುತ್ತಿದ್ದರೆ ಒಳಗಿನ ಕಂಬಿ ತುಕ್ಕು ಹಿಡಿದಿದೆ ಎಂದೇ ಅರ್ಥ. 2022ರ ಫೆಬ್ರವರಿ 10ರಂದು ಗುರುಗ್ರಾಮದ ಚಿಂಟೆಲ್ಸ್ ಪ್ಯಾರಡೈಸೊ ವಸತಿ ಸಮುಚ್ಚಯದ ಡಿ ಗೋಪುರದಲ್ಲಿ ಮಹಡಿಯ ಮೇಲೆ ಮಹಡಿ ಕುಸಿದು ಇಬ್ಬರು ಸತ್ತರು. ಅದು ಹಳೆಯ ಕಟ್ಟಡವಾಗಿರಲಿಲ್ಲ. ಪರೀಕ್ಷಿಸಿದ ದೆಹಲಿ ಐಐಟಿ ತಜ್ಞರಿಗೆ ಕಾಂಕ್ರೀಟಿನಲ್ಲಿ ಕ್ಲೋರೈಡ್ ಅಂಶವೂ ಅದರಿಂದ ತುಕ್ಕು ಹಿಡಿದ ಕಂಬಿಗಳೂ ಸಿಕ್ಕವು. ಇಂಥ ಬಿರುಕಿಗೆ ಪುಟ್ಟಿ ಬಳಿದು ಬಣ್ಣ ಹೊಡೆದುಹೋಗಲು ಬಿಲ್ಡರ್‌ನ ಕಡೆಯವರನ್ನು ಬಿಡಲೇಬಾರದು.

ಬಿರುಕು ನಿಂತಿದೆಯೋ ಬೆಳೆಯುತ್ತಿದೆಯೋ ಎಂದು ನೋಡಲು ಹಳೆಯ ಎಂಜಿನಿಯರುಗಳ ಉಪಾಯ ಇಂದಿಗೂ ಸಾಕು. ಎರಡೂ ತುದಿಗೆ ಪೆನ್ಸಿಲ್‌ನಿಂದ ಅಡ್ಡಗೆರೆ ಎಳೆದು ಪಕ್ಕದಲ್ಲಿ ದಿನಾಂಕ ಬರೆಯಬೇಕು. ನಡುವೆ ತೆಳ್ಳನೆಯ ಗಾಜಿನ ಪಟ್ಟಿಯೊಂದನ್ನು ಅಡ್ಡಲಾಗಿ ಎರಡೂ ಬದಿಗೆ ಗಟ್ಟಿಯಾಗಿ ಅಂಟಿಸಬೇಕು. ಕೆಲವು ವಾರಗಳಲ್ಲಿ ಗಾಜು ಒಡೆದರೆ, ಅಥವಾ ಬಿರುಕು ಪೆನ್ಸಿಲ್ ಗೆರೆ ದಾಟಿದರೆ, ಅದಿನ್ನೂ ಚಲಿಸುತ್ತಿದೆ. ಆಗ ಸ್ಟ್ರಕ್ಚರಲ್ ಎಂಜಿನಿಯರ್ ಒಬ್ಬರನ್ನು ಕರೆಸುವುದು ಖರ್ಚಿನ ಮಾತಾದರೂ ಅನಿವಾರ್ಯ. ರಿಬೌಂಡ್ ಹ್ಯಾಮರ್, ಅಲ್ಟ್ರಾಸೋನಿಕ್ ಪರೀಕ್ಷೆ, ಬೇಕಾದರೆ ಕಾಂಕ್ರೀಟಿನ ಕೋರ್ ಕೊರೆದು ತೆಗೆಯುವ ಪರೀಕ್ಷೆ, ಇವುಗಳಿಂದ ಕಾಂಕ್ರೀಟಿನ ಬಲದ ಅಂದಾಜು ಸಿಗುತ್ತದೆ.

ಸೋರಿಕೆಯ ಮೂಲ ಹುಡುಕಲು ಯಂತ್ರಕ್ಕಿಂತ ಗಮನ ಮುಖ್ಯ. ಮಳೆ ಬಂದಾಗ ಮಾತ್ರ ಕಲೆ ದೊಡ್ಡದಾದರೆ ಹೊರಗೋಡೆ ಅಥವಾ ತಾರಸಿ, ಸ್ನಾನದ ನಂತರ ಹೆಚ್ಚಾದರೆ ಬಚ್ಚಲಿನ ನೆಲ ಅಥವಾ ಚರಂಡಿ ಪೈಪಿನ ಜೋಡಣೆ, ಹಗಲಿರುಳೂ ಒಂದೇ ಸಮನಿದ್ದರೆ ಒತ್ತಡದಲ್ಲಿರುವ ನೀರಿನ ಪೈಪು. ಬಚ್ಚಲಿನ ನೆಲದ ಜಾಲರಿಯನ್ನು ಬಿಗಿಯಾಗಿ ಮುಚ್ಚಿ ಒಂದಂಗುಲ ನೀರು ನಿಲ್ಲಿಸಿ, ಮಟ್ಟ ಗುರುತು ಮಾಡಿ, ಒಂದು ದಿನ ಬಿಟ್ಟು ಕೆಳಮನೆಯ ಸೀಲಿಂಗ್ ನೋಡಿದರೆ ಸಂಶಯ ಬಹುಮಟ್ಟಿಗೆ ಬಗೆಹರಿಯುತ್ತದೆ. ಫ್ಲ್ಯಾಟುಗಳಲ್ಲಿ ಮೇಲ್ಮನೆಯವರಿಗೂ ಕೆಳಮನೆಯವರಿಗೂ ಜಗಳ ಹತ್ತಿಕೊಳ್ಳುವುದು ಹೆಚ್ಚಾಗಿ ಇಲ್ಲಿಯೇ. ಕಟ್ಟುವಾಗ ಸಂಕನ್ ಸ್ಲ್ಯಾಬಿಗೆ ವಾಟರ್‌ಪ್ರೂಫಿಂಗ್ ಸರಿಯಾಗಿ ಮಾಡದವರ ತಪ್ಪಿಗೆ ನೆರೆಹೊರೆಯವರು ಮಾತು ಬಿಡುವಂತಾಗುತ್ತದೆ. ಟೈಲ್ಸ್ ಪರೀಕ್ಷೆಗೆ ಒಂದು ನಾಣ್ಯ ಸಾಕು: ತಟ್ಟಿದಾಗ ಟೊಳ್ಳು ಸದ್ದು ಬಂದ ಕಡೆ ಅಡಿಯಲ್ಲಿ ಗಾರೆ ತುಂಬಿಲ್ಲ.

ಫ್ಲ್ಯಾಟ್ ಅಥವಾ ಬಡಾವಣೆಯ ವಿಲ್ಲಾ ಕೊಂಡವರಿಗೆ ಇರುವ ದೊಡ್ಡ ಆಸರೆ 2016ರ ರಿಯಲ್ ಎಸ್ಟೇಟ್ ಕಾಯ್ದೆ, ಜನರ ಬಾಯಲ್ಲಿ ರೇರಾ. ಅದರ 14(3)ನೇ ಕಲಂ ಹೇಳುವುದಿಷ್ಟು: ಮನೆಯನ್ನು ಸ್ವಾಧೀನಕ್ಕೆ ಕೊಟ್ಟ ದಿನದಿಂದ ಐದು ವರ್ಷದೊಳಗೆ ಕಟ್ಟಡದ ರಚನೆಯಲ್ಲಾಗಲಿ, ಕೆಲಸದಲ್ಲಾಗಲಿ, ಗುಣಮಟ್ಟದಲ್ಲಾಗಲಿ, ಒದಗಿಸಿದ ಸೌಲಭ್ಯದಲ್ಲಾಗಲಿ ದೋಷ ಕಂಡು ಅದನ್ನು ಬಿಲ್ಡರ್‌ನ ಗಮನಕ್ಕೆ ತಂದರೆ, ಆತ 30 ದಿನಗಳೊಳಗೆ ಯಾವ ಹಣವನ್ನೂ ಕೇಳದೆ ಸರಿಪಡಿಸಬೇಕು, ತಪ್ಪಿದರೆ ಪರಿಹಾರ ಕೊಡಬೇಕು. ಲೆಕ್ಕ ಶುರುವಾಗುವುದು ಕ್ರಯಪತ್ರ ನೋಂದಣಿಯಾದ ದಿನದಿಂದಲ್ಲ, ಸ್ವಾಧೀನ ಕೊಟ್ಟ ದಿನದಿಂದ. ಮೂಲ ಖರೀದಿದಾರರಿಂದ ಮನೆ ಕೊಂಡವರಿಗೂ ಈ ಹಕ್ಕು ಬರುತ್ತದೆ, ಬಾಡಿಗೆದಾರರಿಗೆ ಇಲ್ಲ. ಜಂಟಿ ಅಭಿವೃದ್ಧಿ ಒಪ್ಪಂದದಲ್ಲಿ ಕಟ್ಟಿದವರೊಬ್ಬರು, ಮಾರಿದ ಜಮೀನಿನ ಮಾಲೀಕರೊಬ್ಬರು ಇದ್ದರೆ ಇಬ್ಬರೂ ಜಂಟಿಯಾಗಿ ಹೊಣೆಗಾರರು.

ಒಪ್ಪಂದಪತ್ರಗಳಲ್ಲಿ ‘ಪ್ಲಂಬಿಂಗ್, ವೈರಿಂಗ್‌ಗೆ ಒಂದು ವರ್ಷದ ವಾರಂಟಿ ಮಾತ್ರ’ ಎಂಬ ಷರತ್ತು ಅಲ್ಲಲ್ಲಿ ಕಾಣುತ್ತದೆ. ಕಾನೂನು ಕೊಟ್ಟ ಐದು ವರ್ಷವನ್ನು ಇಂಥ ಸಾಲೊಂದು ಕಡಿಮೆ ಮಾಡಲಾರದು. ಆದರೆ ಗೀಸರ್, ನಲ್ಲಿ, ಲಿಫ್ಟಿನ ಮೋಟಾರಿನಂಥ ಸಿದ್ಧವಸ್ತುಗಳಿಗೆ ತಯಾರಕರ ವಾರಂಟಿಯೂ ಇರುತ್ತದೆ. ಅವುಗಳ ಕಾರ್ಡು, ವಾಟರ್‌ಪ್ರೂಫಿಂಗ್ ಕಂಪನಿಯ ಗ್ಯಾರಂಟಿ ಪತ್ರ, ಕೊಳವೆ ಮತ್ತು ವಿದ್ಯುತ್ ನಕ್ಷೆಗಳನ್ನು ಕೀಲಿಕೈ ಪಡೆಯುವ ದಿನವೇ ಕೇಳಿ ಪಡೆಯಬೇಕು. ಆಮೇಲೆ ಅವು ಸಿಗುವುದು ಕಷ್ಟ.

ಕಾಯ್ದೆಯ ಭಾಷೆಯಲ್ಲಿ ಎಲ್ಲಕ್ಕಿಂತ ತೂಕದ ಮಾತು ‘ಗಮನಕ್ಕೆ ತಂದರೆ’ ಎಂಬುದು. ದೋಷ ಐದು ವರ್ಷದೊಳಗೆ ಇತ್ತು ಎಂದರೆ ಸಾಲದು, ತಿಳಿಸಿದ್ದಕ್ಕೆ ದಾಖಲೆ ಬೇಕು. ಸೈಟ್ ಎಂಜಿನಿಯರ್ ಜೊತೆಗಿನ ಫೋನ್ ಮಾತುಕತೆ, ವಾಚ್‌ಮನ್ ಹತ್ತಿರದ ಪುಸ್ತಕದಲ್ಲಿ ಬರೆಸಿದ ದೂರು, ‘ನೋಡೋಣ ಬಿಡಿ’ ಎಂಬ ಭರವಸೆ, ಇವುಗಳನ್ನು ನಂಬಿ ಕಾದವರು ಮುಂದೆ ಕೈಯಲ್ಲಿ ಏನೂ ಇಲ್ಲದೆ ನಿಂತಿರುತ್ತಾರೆ. ಒಪ್ಪಂದಪತ್ರದಲ್ಲಿರುವ ವಿಳಾಸಕ್ಕೆ, ಅದರಲ್ಲಿರುವ ಇ-ಮೇಲ್‌ಗೆ, ಯಾವ ಕೋಣೆಯ ಯಾವ ಗೋಡೆ, ಯಾವತ್ತು ಕಂಡಿತು, ಎಷ್ಟು ಉದ್ದ ಎಂದು ಫೋಟೊ ಸಮೇತ ಬರೆದು, ತಲುಪಿದ್ದಕ್ಕೆ ರಸೀದಿ ಸಿಗುವ ಅಂಚೆಯಲ್ಲೂ ಒಂದು ಪ್ರತಿ ಕಳಿಸುವುದು ಸರಿಯಾದ ದಾರಿ. 14(3)ನೇ ಕಲಂ ಅನ್ನು ಹೆಸರಿಸಿ 30 ದಿನದ ಗಡುವನ್ನೂ ನಮೂದಿಸಬೇಕು. ಹೊಸ ದೋಷ ಕಂಡಾಗಲೆಲ್ಲ ಹೊಸ ಪತ್ರ.

ಸೋರಿಕೆಯ ವಿಷಯದಲ್ಲಿ ಈ 30 ದಿನದ ಗಡುವಿಗೆ ಒಂದು ಕೊರತೆಯಿದೆ. ಡಿಸೆಂಬರಿನಲ್ಲಿ ಮಾಡಿದ ರಿಪೇರಿ ಗಟ್ಟಿಯೋ ಅಲ್ಲವೋ ಗೊತ್ತಾಗುವುದು ಜೂನ್‌ನಲ್ಲಿ. ಆದ್ದರಿಂದ ‘ಕೆಲಸ ತೃಪ್ತಿಕರವಾಗಿ ಮುಗಿದಿದೆ’ ಎಂದು ಬರೆದ ಚೀಟಿಗೆ ತಕ್ಷಣ ಸಹಿ ಹಾಕದೆ, ಮುಂದಿನ ಮಳೆಗಾಲ ಕಳೆಯುವವರೆಗೆ ದೂರು ಜೀವಂತವಾಗಿದೆ ಎಂದು ಬರೆದುಕೊಡುವುದು ಒಳ್ಳೆಯದು. ಸ್ವಾಧೀನ ಪತ್ರಕ್ಕೂ ಇದೇ ಎಚ್ಚರಿಕೆ ಬೇಕು. ‘ಮನೆ ಪರಿಶೀಲಿಸಿದ್ದೇನೆ, ಯಾವ ತಕರಾರೂ ಇಲ್ಲ’ ಎಂಬ ಸಾಲಿನ ಕೆಳಗೆ ಕಂಡ ದೋಷಗಳನ್ನು ಕೈಬರಹದಲ್ಲಿ ಸೇರಿಸಿ, ಅದರ ಫೋಟೊ ತೆಗೆದಿಟ್ಟುಕೊಂಡು, ಆಮೇಲೆ ಸಹಿ.

ಬಿಲ್ಡರ್‌ನ ಕಡೆಯಿಂದ ಬರುವ ಬಲವಾದ ಪ್ರತಿವಾದ ಒಂದೇ: ‘ಇಂಟೀರಿಯರ್ ಕೆಲಸ ಮಾಡಿಸಿದ್ದು ನೀವು, ಹಾಳಾದದ್ದು ಅದರಿಂದ.’ ಎಷ್ಟೋ ಸಲ ಇದರಲ್ಲಿ ಹುರುಳೂ ಇರುತ್ತದೆ. ಅಡುಗೆಮನೆಯ ಕಟ್ಟೆ ಒಡೆದು ಬೇರೆಡೆ ಕಟ್ಟಿಸಿದರೆ, ಬಚ್ಚಲಿನ ಟೈಲ್ಸ್ ಕಿತ್ತು ಹೊಸದು ಹಾಕಿಸಿದರೆ, ಬೀಮ್‌ಗೆ ರಂಧ್ರ ಕೊರೆದರೆ, ಆ ಭಾಗದ ದೋಷಕ್ಕೆ ಬಿಲ್ಡರ್‌ನನ್ನು ಹೊಣೆ ಮಾಡುವುದು ಕಷ್ಟ. ಬಡಗಿ ಒಳಗೆ ಕಾಲಿಡುವ ಮೊದಲೇ ಪ್ರತಿ ಕೋಣೆಯ ವಿಡಿಯೊ ತೆಗೆದಿಟ್ಟವರಿಗೆ ಈ ವಾದವನ್ನು ಎದುರಿಸುವುದು ಸುಲಭ. ತುರ್ತಾಗಿ ರಿಪೇರಿ ಮಾಡಿಸಲೇಬೇಕಾದಾಗ ಬಿಲ್ಡರ್‌ಗೆ ಬರೆದು ತಿಳಿಸಿ, ಒಡೆಯುವ ಮೊದಲು ಮತ್ತು ಒಡೆದ ಮೇಲೆ ಫೋಟೊ ತೆಗೆದು, ಎಂಜಿನಿಯರ್ ವರದಿ, ದರಪಟ್ಟಿ, ಬಿಲ್ಲು ಎಲ್ಲವನ್ನೂ ಇಟ್ಟುಕೊಂಡರೆ ಆ ಖರ್ಚನ್ನು ಕೇಳಲು ಆಧಾರ ಸಿಗುತ್ತದೆ. ಸಾಕ್ಷ್ಯ ಉಳಿಸಿಕೊಳ್ಳದೆ ಮುಚ್ಚಿಬಿಟ್ಟ ಬಿರುಕಿಗೆ ಪರಿಹಾರ ಹುಟ್ಟುವುದಿಲ್ಲ.

ಮಾತುಕತೆ ಮುರಿದಾಗ ಎರಡು ಬಾಗಿಲುಗಳಿವೆ. ಒಂದು, ಕರ್ನಾಟಕ ರೇರಾ ಪ್ರಾಧಿಕಾರ. ಅದರ ಜಾಲತಾಣದಲ್ಲೇ ದೂರು ದಾಖಲಿಸಬಹುದು. ಆದರೆ ಪರಿಹಾರದ ಮೊತ್ತ ತೀರ್ಮಾನಿಸುವ ಅಧಿಕಾರ ಪ್ರಾಧಿಕಾರಕ್ಕಲ್ಲ, ನ್ಯಾಯನಿರ್ಣಯ ಅಧಿಕಾರಿಗೆ ಎಂದು ಸುಪ್ರೀಂ ಕೋರ್ಟ್ 2021ರ ನವೆಂಬರ್‌ನಲ್ಲಿ ನ್ಯೂಟೆಕ್ ಪ್ರಮೋಟರ್ಸ್ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ಹಣದ ಪರಿಹಾರ ಬೇಕಾದವರು ಅರ್ಜಿ ಹಾಕುವಾಗಲೇ ಇದನ್ನು ಗಮನಿಸದಿದ್ದರೆ ವೃಥಾ ಕಾಲಹರಣ. ಇನ್ನೊಂದು ಬಾಗಿಲು ಗ್ರಾಹಕ ಆಯೋಗ. ಮನೆ ಕಟ್ಟಿಕೊಡುವುದೂ ‘ಸೇವೆ’ಯೇ ಎಂಬುದು 1993ರ ಲಖನೌ ಅಭಿವೃದ್ಧಿ ಪ್ರಾಧಿಕಾರದ ಪ್ರಕರಣದಿಂದ ಗಟ್ಟಿಯಾದ ನಿಲುವು. ರೇರಾ ಬಂದ ಮಾತ್ರಕ್ಕೆ ಈ ದಾರಿ ಮುಚ್ಚಿಲ್ಲ ಎಂದೂ ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ. ಕೊಟ್ಟ ಬೆಲೆ 50 ಲಕ್ಷ ರೂಪಾಯಿವರೆಗಿದ್ದರೆ ಜಿಲ್ಲಾ ಆಯೋಗ, 2 ಕೋಟಿವರೆಗೆ ರಾಜ್ಯ ಆಯೋಗ, ಅದಕ್ಕೂ ಮೇಲೆ ರಾಷ್ಟ್ರೀಯ ಆಯೋಗ. ಇಲ್ಲಿ ಎಡವುವ ಕಲ್ಲು ಕಾಲಮಿತಿ: ದೂರಿಗೆ ಕಾರಣ ಹುಟ್ಟಿದ ದಿನದಿಂದ ಎರಡೇ ವರ್ಷ. ರೇರಾದ ಐದು ವರ್ಷವನ್ನು ತಲೆಯಲ್ಲಿಟ್ಟುಕೊಂಡು ನಾಲ್ಕನೇ ವರ್ಷ ಆಯೋಗಕ್ಕೆ ಹೋದರೆ ತಡವಾದದ್ದಕ್ಕೆ ಸಕಾರಣ ತೋರಿಸಬೇಕಾಗುತ್ತದೆ.

ನೆಲಮಾಳಿಗೆಯ ಸೋರಿಕೆ, ಕೊಳಚೆ ನೀರು ಶುದ್ಧೀಕರಣ ಘಟಕ, ಲಿಫ್ಟು, ತಾರಸಿ ಇವೆಲ್ಲ ಯಾರೊಬ್ಬರ ಮನೆಯದ್ದೂ ಅಲ್ಲ. ನಿವಾಸಿಗಳ ಸಂಘವೇ ದೂರುದಾರನಾಗಬಹುದು. ನಿರ್ವಹಣೆಯನ್ನು ಬಿಲ್ಡರ್‌ನಿಂದ ವಹಿಸಿಕೊಳ್ಳುವ ಮೊದಲು ಹೊರಗಿನ ಎಂಜಿನಿಯರುಗಳಿಂದ ತಪಾಸಣೆ ಮಾಡಿಸಿ ಪಟ್ಟಿ ತಯಾರಿಸಿಕೊಂಡ ಸಂಘಗಳ ಕೈ ಮೇಲಾಗಿರುತ್ತದೆ.

ಇನ್ನೊಂದು ದೊಡ್ಡ ಗುಂಪು ಈ ಚರ್ಚೆಯಲ್ಲಿ ಮರೆತೇಹೋಗುತ್ತದೆ: ಸ್ವಂತ ನಿವೇಶನದಲ್ಲಿ ಗುತ್ತಿಗೆದಾರರಿಂದ, ಮೇಸ್ತ್ರಿಯಿಂದ ಮನೆ ಕಟ್ಟಿಸುವವರು. ಮಾರಾಟಕ್ಕೆ ಕಟ್ಟದ ಮನೆ ರೇರಾ ವ್ಯಾಪ್ತಿಗೆ ಬರುವುದಿಲ್ಲ. 30x40 ಅಡಿ ನಿವೇಶನವೆಂದರೆ ಸುಮಾರು 111 ಚದರ ಮೀಟರ್. ಅದರ ಮೇಲೆ ನಾಲ್ಕು ಫ್ಲ್ಯಾಟ್ ಕಟ್ಟಿ ಮಾರುವವರಿಗೂ ರೇರಾ ನೋಂದಣಿ ಕಡ್ಡಾಯವಲ್ಲ, ಏಕೆಂದರೆ 500 ಚದರ ಮೀಟರ್ ಮೀರದ ಅಥವಾ ಎಂಟು ಮನೆ ಮೀರದ ಯೋಜನೆಗೆ ವಿನಾಯಿತಿ ಇದೆ. ರಾಜ್ಯದ ಊರೂರುಗಳಲ್ಲಿ ಏಳುವ ಮನೆಗಳು ಹೆಚ್ಚಾಗಿ ಇಂಥವೇ ಆಗಿರುವಾಗ, ಅವುಗಳ ಮಾಲೀಕರಿಗೆ ಸಿದ್ಧ ರಕ್ಷಣೆಯಿಲ್ಲ ಎಂಬುದು ದೊಡ್ಡ ಅನ್ಯಾಯ. ಅವರಿಗಿರುವುದು ಗ್ರಾಹಕ ಆಯೋಗ, ಸಿವಿಲ್ ಕೋರ್ಟು ಮತ್ತು ತಾವೇ ಬರೆಸಿಕೊಂಡ ಕರಾರು.

ಆ ಕರಾರು ಬಹುತೇಕ ಸಂದರ್ಭಗಳಲ್ಲಿ ‘ಚದರಕ್ಕೆ ಇಷ್ಟು’ ಎಂಬ ಒಂದು ಸಾಲಿಗೆ ಮುಗಿಯುತ್ತದೆ. ಸಿಮೆಂಟು ಮತ್ತು ಕಂಬಿಯ ದರ್ಜೆ, ಕಾಂಕ್ರೀಟಿನ ಮಿಶ್ರಣ, ಎಷ್ಟು ದಿನ ಕ್ಯೂರಿಂಗ್, ವಾಟರ್‌ಪ್ರೂಫಿಂಗ್ ಯಾವುದು, ದೋಷ ಕಂಡರೆ ಎಷ್ಟು ವರ್ಷ ಯಾರ ಹೊಣೆ ಎಂಬುದನ್ನೂ ಬರೆಸಬೇಕು. ಸಾಮಾನ್ಯ ಸಿಮೆಂಟಿನ ಕಾಂಕ್ರೀಟಿಗೆ ಕನಿಷ್ಠ ಏಳು ದಿನ, ಬಿಸಿ ಒಣಹವೆಯಲ್ಲಿ ಹತ್ತು ದಿನ ನೀರುಣಿಸಬೇಕೆಂದು ಭಾರತೀಯ ಮಾನಕ ಐಎಸ್ 456 ಹೇಳುತ್ತದೆ. ಮಾಲೀಕರೇ ಸಾಮಗ್ರಿ ತರಿಸಿ ಕೂಲಿ ಗುತ್ತಿಗೆ ಮಾತ್ರ ಕೊಟ್ಟಿದ್ದರೆ ಗುತ್ತಿಗೆದಾರ ತಪ್ಪನ್ನು ಮರಳಿನ ಮೇಲೆ ಹಾಕುವುದು ಖಚಿತ. ಹಾಗಾಗಿ ಪ್ರತಿ ಲೋಡಿನ ಬಿಲ್ಲು ಜೋಪಾನವಾಗಿರಬೇಕು. ಎಲ್ಲಕ್ಕಿಂತ ಫಲ ಕೊಡುವ ಉಪಾಯ, ಒಟ್ಟು ಮೊತ್ತದ ಶೇ 5ರಷ್ಟನ್ನು ಒಂದು ಪೂರ್ಣ ಮಳೆಗಾಲ ಕಳೆಯುವವರೆಗೆ ತಡೆಹಿಡಿಯುವ ಷರತ್ತು. ಸರ್ಕಾರಿ ಕಾಮಗಾರಿಗಳಲ್ಲಿ ಹೀಗೆ ಹಣ ತಡೆಹಿಡಿಯುವುದು ಮಾಮೂಲು, ಮನೆ ಕಟ್ಟಿಸುವವರು ಮಾತ್ರ ಕೇಳಲು ಹಿಂಜರಿಯುತ್ತಾರೆ.

ಆದೇಶ ಕೈಗೆ ಬಂದರೂ ಹಣ ಕೈಗೆ ಬರುವುದು ಬೇರೆ ಮಾತು. ರೇರಾ ಆದೇಶದ ವಿರುದ್ಧ 60 ದಿನಗಳೊಳಗೆ ಮೇಲ್ಮನವಿ ನ್ಯಾಯಮಂಡಳಿಗೆ ಹೋಗಲು ಬಿಲ್ಡರ್‌ಗೂ ಅವಕಾಶವಿದೆ, ಆದರೆ ಖರೀದಿದಾರರಿಗೆ ಕೊಡಬೇಕಾದ ಪೂರ್ತಿ ಮೊತ್ತವನ್ನು ಬಡ್ಡಿ, ಪರಿಹಾರ ಸಮೇತ ಮೊದಲು ಠೇವಣಿ ಇಡಬೇಕು. ಮೇಲ್ಮನವಿಯೂ ಇಲ್ಲ, ಹಣವೂ ಇಲ್ಲ ಎಂದಾದರೆ ಆ ಮೊತ್ತವನ್ನು ಭೂಕಂದಾಯದ ಬಾಕಿಯಂತೆ ವಸೂಲಿ ಮಾಡಲು ವಸೂಲಾತಿ ಪ್ರಮಾಣಪತ್ರ ಜಿಲ್ಲಾಧಿಕಾರಿಗೆ ಹೋಗುತ್ತದೆ, ಅಲ್ಲಿಂದ ತಹಶೀಲ್ದಾರರಿಗೆ. ಈ ಹಂತದಲ್ಲೇ ಕಡತಗಳು ನಿಂತುಬಿಡುವುದು ಹೆಚ್ಚು. ಬಿಲ್ಡರ್ ಸಂಸ್ಥೆಯ ಹೆಸರಿನಲ್ಲಿರುವ ಜಮೀನಿನ ಸರ್ವೆ ನಂಬರು, ಮಾರಾಟವಾಗದೆ ಉಳಿದ ಫ್ಲ್ಯಾಟುಗಳು, ಬ್ಯಾಂಕ್ ಖಾತೆ ಇವುಗಳ ವಿವರವನ್ನು ದೂರುದಾರರೇ ಕಲೆಹಾಕಿ ತಾಲ್ಲೂಕು ಕಚೇರಿಗೆ ಲಿಖಿತವಾಗಿ ಕೊಟ್ಟರೆ ಜಪ್ತಿಗೆ ಏನಿದೆ ಎಂದು ಹುಡುಕುವ ನೆಪ ಉಳಿಯುವುದಿಲ್ಲ.