ಅನ್ನ ಕೊಡುವ ಕೆಲಸವೇ ಮೈಗೆ ಒಗ್ಗದಿದ್ದರೆ?

ಶಾಲೆಯಲ್ಲಿ ಪಾಲಕರ ಸಭೆ ನಡೆದಿತ್ತು. ಹತ್ತನೆಯ ತರಗತಿಯ ಹುಡುಗನೊಬ್ಬನ ತಂದೆ ಅಂಕಪಟ್ಟಿಗೆ ಸಹಿ ಹಾಕಬೇಕಿತ್ತು. ಪೆನ್ನು ಕೈಗೆತ್ತಿಕೊಂಡವರು ಮತ್ತೆ ಮೇಜಿನ ಮೇಲಿಟ್ಟರು. “ಬರೆಯೋಕೆ ಬರುತ್ತೆ ಸಾರ್, ಬೆರಳು ಮಡಿಸೋಕೆ ಆಗ್ತಿಲ್ಲ. ಹೆಬ್ಬೆಟ್ಟು ಒತ್ತಲಾ?” ಎಂದರು.

ಹದಿನೈದು ವರ್ಷ ಗಾರೆ ಕೆಲಸ ಮಾಡಿದ ಕೈ ಅದು. ಬೆರಳ ಸಂದುಗಳಲ್ಲಿ ಚರ್ಮ ದಪ್ಪಗಟ್ಟಿ ಬಿರುಕು ಬಿಟ್ಟಿತ್ತು, ಅಲ್ಲಲ್ಲಿ ನೀರು ಒಸರುತ್ತಿತ್ತು. ಮನೆಯವರು ಇದನ್ನು ಅಂಟುವ ಕಜ್ಜಿ ಎಂದು ಭಾವಿಸಿ ಅವರ ತಟ್ಟೆ ಲೋಟ ಬೇರೆ ಇಟ್ಟಿದ್ದರಂತೆ. ಹಬ್ಬಕ್ಕೆಂದು ಊರಿಗೆ ಹೋಗಿ ಹದಿನೈದು ದಿನ ಉಳಿದರೆ ಹುಣ್ಣು ಮಾಯುತ್ತಿತ್ತು. ಮರಳಿ ಬಂದು ಕರಣೆ ಹಿಡಿದ ಎರಡು ಮೂರು ದಿನಗಳಲ್ಲಿ ಮತ್ತೆ ಕೆರಳುತ್ತಿತ್ತು.

ಈ ಕೊನೆಯ ಮಾತಿನಲ್ಲೇ ರೋಗದ ಗುಟ್ಟು ಅಡಗಿದೆ. ಕೆಲಸ ಬಿಟ್ಟರೆ ವಾಸಿ, ಕೆಲಸಕ್ಕೆ ಹೋದರೆ ಮರುಕಳಿಕೆ. ಇದು ಒಬ್ಬರಿಂದ ಇನ್ನೊಬ್ಬರಿಗೆ ಅಂಟುವ ರೋಗವಲ್ಲ. ದುಡಿಯುವ ಸ್ಥಳದ ಯಾವುದೋ ವಸ್ತು ಚರ್ಮಕ್ಕೆ ಒಗ್ಗದೆ ಬರುವ ರೋಗ. ವೈದ್ಯರು ಇದನ್ನು ಸಂಪರ್ಕ ಚರ್ಮದುರಿತ ಎನ್ನುತ್ತಾರೆ.

ಎರಡು ಬಗೆ

ಇದರಲ್ಲಿ ಎರಡು ಬಗೆಗಳಿವೆ. ಮೊದಲನೆಯದು ವಸ್ತುವಿನ ತೀಕ್ಷ್ಣತೆಯಿಂದಲೇ ಆಗುವ ಹಾನಿ. ಕಲಸಿದ ಸಿಮೆಂಟಿನ ಪಿಎಚ್ ಮೌಲ್ಯ 12ರಿಂದ 13. ಅದಕ್ಕೆ ಕೆಂಪು ಲಿಟ್ಮಸ್ ಕಾಗದ ಅದ್ದಿದರೆ ತಕ್ಷಣ ನೀಲಿಯಾಗುತ್ತದೆ. ಇಂಥ ಪ್ರಬಲ ಪ್ರತ್ಯಾಮ್ಲ ಹೆಚ್ಚು ಹೊತ್ತು ತಗುಲಿದರೆ ಯಾರ ಚರ್ಮವಾದರೂ ಸುಡುತ್ತದೆ. ದಿನವಿಡೀ ಸೋಪಿನ ನೀರಿನಲ್ಲಿ ಪಾತ್ರೆ ತೊಳೆಯುವವರ ಕೈ ಒಡೆಯುವುದೂ ಇದೇ ಬಗೆಯದು.

ಎರಡನೆಯದು ನಿಜವಾದ ಅಲರ್ಜಿ, ಅಂದರೆ ಒಗ್ಗದಿಕೆ. ಇದು ಎಲ್ಲರಿಗೂ ಬರುವುದಿಲ್ಲ. ಬಂದವರಿಗೆ ಮಾತ್ರ ಆ ವಸ್ತು ಅತ್ಯಲ್ಪ ಪ್ರಮಾಣದಲ್ಲಿ ತಗುಲಿದರೂ ಸಾಕು, ತುರಿಕೆ, ಕೆಂಪು, ನೀರ್ಗುಳ್ಳೆ ಶುರುವಾಗುತ್ತವೆ. “ಇಷ್ಟು ವರ್ಷ ಇದೇ ಸಿಮೆಂಟ್ ಮುಟ್ಟಿದ್ದೇನೆ, ಈಗೇಕೆ ಬಂತು?” ಎಂದು ಆ ತಂದೆ ಕೇಳಿದರು. ಒಗ್ಗದಿಕೆಯ ಲಕ್ಷಣವೇ ಅದು. ಕೆಲವರಲ್ಲಿ ಕೆಲವೇ ವಾರಗಳಲ್ಲಿ, ಇನ್ನು ಕೆಲವರಲ್ಲಿ ಹತ್ತಾರು ವರ್ಷಗಳ ನಂತರ ಅದು ಕಾಣಿಸಿಕೊಳ್ಳಬಹುದು.

ಚರ್ಮದ ಕಾವಲುಗಾರರು

1868ರಲ್ಲಿ ಪಾಲ್ ಲ್ಯಾಂಗರ್‌ಹಾನ್ಸ್ ಎಂಬ ಜರ್ಮನಿಯ ವೈದ್ಯಕೀಯ ವಿದ್ಯಾರ್ಥಿ ಸೂಕ್ಷ್ಮದರ್ಶಕದಲ್ಲಿ ಮನುಷ್ಯನ ಚರ್ಮ ನೋಡುತ್ತಿದ್ದಾಗ ಕವಲು ಕವಲಾಗಿ ಚಾಚಿಕೊಂಡ ಜೀವಕೋಶಗಳನ್ನು ಕಂಡ. ಅವು ನರಕ್ಕೆ ಸಂಬಂಧಿಸಿದವು ಎಂದು ಅವನು ತಿಳಿದ. ಅವು ಚರ್ಮದ ಕಾವಲುಗಾರರು ಎಂದು ಗೊತ್ತಾದದ್ದು ಎಷ್ಟೋ ಕಾಲದ ನಂತರ. ಮೇದೋಜೀರಕದಲ್ಲಿರುವ, ಅವನದೇ ಹೆಸರಿನ ಕಿರುದ್ವೀಪಗಳನ್ನು ನೀವು ಪಾಠದಲ್ಲಿ ಓದಿರುತ್ತೀರಿ. ಅವನ್ನು ಕಂಡವನೂ ಇವನೇ.

ಕ್ರೋಮಿಯಂ, ನಿಕಲ್‌ನಂಥ ಚಿಕ್ಕ ಕಣಗಳು ಚರ್ಮದೊಳಗೆ ಇಳಿದು ನಮ್ಮದೇ ಪ್ರೋಟೀನಿಗೆ ಅಂಟಿಕೊಳ್ಳುತ್ತವೆ. ಕಾವಲು ಕೋಶಗಳು ಈ ಜೋಡಿಯನ್ನು ಪರಕೀಯವೆಂದು ಬಗೆದು ಹತ್ತಿರದ ದುಗ್ಧಗ್ರಂಥಿಗೆ ಒಯ್ದು ಟಿ-ಕೋಶಗಳಿಗೆ ತೋರಿಸುತ್ತವೆ. ಸುಮಾರು ಹತ್ತು ಹದಿನೈದು ದಿನಗಳಲ್ಲಿ ಆ ವಸ್ತುವನ್ನು ಗುರುತಿಸಬಲ್ಲ ಟಿ-ಕೋಶಗಳ ಪಡೆಯೇ ಸಿದ್ಧವಾಗುತ್ತದೆ. ಆಮೇಲೆ ಅದು ಮತ್ತೆ ತಗುಲಿದಾಗ ಒಂದೆರಡು ದಿನಗಳಲ್ಲಿ ಪಡೆ ಅಲ್ಲಿಗೆ ಧಾವಿಸಿ ಉರಿಯೂತ ಎಬ್ಬಿಸುತ್ತದೆ. ಲಸಿಕೆಯಿಂದ ನಮ್ಮನ್ನು ಕಾಪಾಡುವ ಅದೇ ‘ನೆನಪಿನ ಶಕ್ತಿ’ ಇಲ್ಲಿ ತಿರುಗುಬಾಣವಾಗುತ್ತದೆ. ಈ ನೆನಪು ಸಾಮಾನ್ಯವಾಗಿ ಜೀವನಪರ್ಯಂತ ಉಳಿಯುತ್ತದೆ.

ರಕ್ತದ ಗುಂಪುಗಳ ಸಂಶೋಧನೆಗಾಗಿ 1930ರಲ್ಲಿ ನೊಬೆಲ್ ಪಡೆದ ಕಾರ್ಲ್ ಲ್ಯಾಂಡ್‌ಸ್ಟೈನರ್, 1942ರಲ್ಲಿ ಮೆರಿಲ್ ಚೇಸ್ ಜೊತೆಗೂಡಿ ಗಿನಿ ಇಲಿಗಳ ಮೇಲೆ ಒಂದು ಪ್ರಯೋಗ ಪ್ರಕಟಿಸಿದರು. ಒಗ್ಗದಿಕೆ ಇದ್ದ ಪ್ರಾಣಿಯ ಬಿಳಿಯ ರಕ್ತಕಣಗಳನ್ನು ಇನ್ನೊಂದಕ್ಕೆ ಕೊಟ್ಟರೆ ಅದಕ್ಕೂ ಒಗ್ಗದಿಕೆ ಬಂತು. ಬರೀ ಸೀರಂ ಕೊಟ್ಟರೆ ಬರಲಿಲ್ಲ. ಈ ಕೆಲಸ ಜೀವಕೋಶಗಳದೇ ಎಂದು ಹೀಗೆ ತಿಳಿಯಿತು.

ಸಿಮೆಂಟಿನೊಳಗಿನ ಕ್ರೋಮಿಯಂ

ಸಿಮೆಂಟಿಗೆ ಬೇಕಾದ ಸುಣ್ಣಕಲ್ಲು, ಜೇಡಿಮಣ್ಣುಗಳಲ್ಲಿ ಕ್ರೋಮಿಯಂ ಲೋಹದ ಅಂಶ ಅತಿ ಕಡಿಮೆ ಪ್ರಮಾಣದಲ್ಲಿ ಇರುತ್ತದೆ. ಸುಮಾರು 1,450 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಗೂಡಿನಲ್ಲಿ ಅದರ ಒಂದು ಪಾಲು ಉತ್ಕರ್ಷಣಗೊಂಡು ಆರು ವೇಲೆನ್ಸಿಯ ಕ್ರೋಮಿಯಂ ಆಗುತ್ತದೆ. ಇದು ನೀರಿನಲ್ಲಿ ಕರಗುವುದರಿಂದ, ಕಲಸಿದ ಸಿಮೆಂಟಿನಿಂದ ಸುಲಭವಾಗಿ ಚರ್ಮದೊಳಗೆ ಇಳಿಯುತ್ತದೆ. ಸಿಮೆಂಟಿನ ಕ್ಷಾರ ಮೊದಲು ಚರ್ಮ ಒಡೆದು ದಾರಿ ಮಾಡಿಕೊಡುತ್ತದೆ, ಕ್ರೋಮಿಯಂ ಆ ದಾರಿಯಲ್ಲಿ ಒಳನುಗ್ಗುತ್ತದೆ.

ಇದಕ್ಕೆ ರಸಾಯನಶಾಸ್ತ್ರವೇ ಪರಿಹಾರವನ್ನೂ ಕೊಟ್ಟಿದೆ. ಸಿಮೆಂಟಿಗೆ ಸ್ವಲ್ಪ ಫೆರಸ್ ಸಲ್ಫೇಟ್ ಬೆರೆಸಿದರೆ ಆರು ವೇಲೆನ್ಸಿಯ ಕ್ರೋಮಿಯಂ ಅಪಕರ್ಷಣಗೊಂಡು, ಸುಲಭವಾಗಿ ಕರಗದ ಮೂರು ವೇಲೆನ್ಸಿಯ ರೂಪಕ್ಕೆ ಬರುತ್ತದೆ. ಡೆನ್ಮಾರ್ಕ್ 1980ರ ದಶಕದಲ್ಲೇ ಈ ಕ್ರಮ ಜಾರಿಗೆ ತಂದಿತು. ಐರೋಪ್ಯ ಒಕ್ಕೂಟ 2005ರಿಂದ ಸಿಮೆಂಟಿನಲ್ಲಿ ಇಂಥ ಕ್ರೋಮಿಯಂ ಹತ್ತು ಲಕ್ಷಕ್ಕೆ 2 ಪಾಲು ಮೀರಬಾರದೆಂದು ನಿಯಮ ಮಾಡಿತು. ಅಲ್ಲಿನ ಕಟ್ಟಡ ಕಾರ್ಮಿಕರಲ್ಲಿ ಕ್ರೋಮಿಯಂ ಅಲರ್ಜಿ ಕಡಿಮೆಯಾಯಿತು. ಉತ್ಕರ್ಷಣ-ಅಪಕರ್ಷಣ ಪಾಠ ಪರೀಕ್ಷೆಗಷ್ಟೇ ಎನ್ನುವ ವಿದ್ಯಾರ್ಥಿಗಳು ಇದನ್ನು ಗಮನಿಸಬೇಕು.

ಬೇರೆ ಕಸುಬುಗಳಲ್ಲಿ

ಕರಾವಳಿಯ ಗೋಡಂಬಿ ಕಾರ್ಖಾನೆಗಳಲ್ಲಿ ಬೀಜ ಒಡೆಯುವ ಹೆಂಗಸರ ಬೆರಳುಗಳನ್ನು ಕಪ್ಪಾಗಿಸಿ ಸುಡುವುದು ಸಿಪ್ಪೆಯೊಳಗಿನ ಎಣ್ಣೆ. ಬೂದಿ, ಹರಳೆಣ್ಣೆ ಹಚ್ಚಿಕೊಂಡು ಅವರು ಕೆಲಸಕ್ಕೆ ಕೂರುವುದು ಇದಕ್ಕಾಗಿಯೇ. ಅಗಸರು ಬಟ್ಟೆಗೆ ಗುರುತು ಹಾಕಲು ಬಳಸುತ್ತಿದ್ದ ಕರಿಗೇರು ಇದೇ ಕುಟುಂಬದ್ದು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಭಾರತದಲ್ಲಿದ್ದ ವಿದೇಶಿ ಸೈನಿಕರಿಗೆ ಅಂಗಿಯ ಗುರುತು ತಗುಲಿದ ಜಾಗದಲ್ಲೇ ಗುಳ್ಳೆಗಳು ಎದ್ದಿದ್ದವು. ಮಾವಿನ ಸೊನೆಯೂ ಇವುಗಳ ದಾಯಾದಿಯೇ.

ಹೊಲದಲ್ಲಿ ದುಡಿಯುವವರಿಗೆ ಪಾರ್ಥೇನಿಯಂ, ಅಂದರೆ ನಮ್ಮ ಜನ ‘ಕಾಂಗ್ರೆಸ್ ಗಿಡ’ ಎನ್ನುವ ಕಳೆ, ಶತ್ರು. ಅದರ ಒಣ ಚೂರುಗಳು ಗಾಳಿಯಲ್ಲಿ ಹಾರಿ ಮುಖ, ಕಣ್ಣುರೆಪ್ಪೆ, ಕತ್ತಿನಲ್ಲಿ ಇಸುಬು ಎಬ್ಬಿಸುತ್ತವೆ. ಕ್ಷೌರಿಕರು, ಬ್ಯೂಟಿ ಪಾರ್ಲರಿನವರಿಗೆ ಕಪ್ಪು ಕೂದಲ ಬಣ್ಣದಲ್ಲಿರುವ ಪ್ಯಾರಾ-ಫಿನಿಲೀನ್ ಡೈಅಮೀನ್ ಒಗ್ಗದಿರಬಹುದು. ಜಾತ್ರೆಗಳಲ್ಲಿ ಮಕ್ಕಳ ಕೈಗೆ ಬಿಡಿಸುವ ‘ಕಪ್ಪು ಮೆಹಂದಿ’ಗೂ ಇದನ್ನು ಬೆರೆಸುವುದುಂಟು. ಒಂದು ದಿನದ ಚೆಂದಕ್ಕೆ ಮಗು ಜೀವಮಾನದ ಒಗ್ಗದಿಕೆ ಹೊತ್ತುಕೊಳ್ಳಬಹುದು. ಪಾಲಕರೇ, ಎಚ್ಚರ!

ಬೆನ್ನ ಮೇಲಿನ ಪರೀಕ್ಷೆ

ಯಾವ ವಸ್ತು ಒಗ್ಗದು ಎಂದು ತಿಳಿಯಲು ‘ಪ್ಯಾಚ್ ಟೆಸ್ಟ್’ ಇದೆ. 1895ರಲ್ಲಿ ಯೋಸೆಫ್ ಯಾಡಾಸೋನ್ ಎಂಬ ವೈದ್ಯ ಇದನ್ನು ಮೊದಲು ವಿವರಿಸಿದರು. ಸಂಶಯವಿರುವ ವಸ್ತುಗಳನ್ನು ತಕ್ಕ ಪ್ರಮಾಣದಲ್ಲಿ ಬೆನ್ನಿಗೆ ಹಚ್ಚಿ, ಪಟ್ಟಿ ಅಂಟಿಸಿ, 48 ಗಂಟೆಗಳ ನಂತರ ತೆಗೆದು ನೋಡುತ್ತಾರೆ. ಮತ್ತೆ ಒಂದೆರಡು ದಿನ ಬಿಟ್ಟು ಇನ್ನೊಮ್ಮೆ ನೋಡುತ್ತಾರೆ. ಕ್ರೋಮಿಯಂ ಪರೀಕ್ಷೆಗೆ ಬಳಸುವುದು ನಿಮ್ಮ ಪ್ರಯೋಗಾಲಯದ ಕಿತ್ತಳೆ ಬಣ್ಣದ ಪೊಟ್ಯಾಸಿಯಂ ಡೈಕ್ರೋಮೇಟ್. ಆದರೆ ಇದನ್ನು ಚರ್ಮರೋಗ ತಜ್ಞರೇ ಮಾಡಬೇಕು. ಶಾಲೆಯಲ್ಲಿ ಆ ಲವಣವನ್ನು ಕೈಯಿಂದ ಮುಟ್ಟಲೂ ಬಾರದು.

ಏನು ಮಾಡಬೇಕು?

ಸಿಮೆಂಟ್ ತಗುಲಿದ ಕೂಡಲೇ ಹೆಚ್ಚು ನೀರಿನಲ್ಲಿ ತೊಳೆಯಬೇಕು. ಬೂಟಿನೊಳಗೆ, ಬಟ್ಟೆಯೊಳಗೆ ಹಸಿ ಸಿಮೆಂಟ್ ಸೇರಿದರೆ ಅದೇ ಗಳಿಗೆ ಬಿಚ್ಚಬೇಕು. ಬಟ್ಟೆಯ ಕೈಗವಸು ಸಿಮೆಂಟ್ ನೀರು ಹೀರಿ ಇನ್ನಷ್ಟು ಕೆಡುಕು ಮಾಡುತ್ತದೆ. ನೀರು ಇಳಿಯದ ಕೈಗವಸು ಬೇಕು. ರಬ್ಬರಿನ ರಾಸಾಯನಿಕಗಳೂ ಕೆಲವರಿಗೆ ಒಗ್ಗುವುದಿಲ್ಲ ಎಂಬುದು ನೆನಪಿರಲಿ. ಬಣ್ಣ ಬಳಿಯುವವರು ಸೀಮೆಎಣ್ಣೆ, ಥಿನ್ನರ್‌ನಿಂದ ಕೈ ತೊಳೆಯುವುದು ಚರ್ಮದ ರಕ್ಷಾಕವಚವನ್ನೇ ಕಳಚಿದಂತೆ. ಸಂಜೆ ಕೈ ತೊಳೆದು ಕೊಬ್ಬರಿ ಎಣ್ಣೆಯನ್ನೋ ವ್ಯಾಸಲೀನನ್ನೋ ಹಚ್ಚುವುದು ಒಳ್ಳೆಯದು. ಅಂಗಡಿಯಲ್ಲಿ ಕೇಳಿ ತಂದ ಸ್ಟಿರಾಯ್ಡ್ ಮುಲಾಮನ್ನು ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗಿ ಹೊಸ ತೊಂದರೆಗಳು ಬರುತ್ತವೆ.

ಆ ತಂದೆಗೆ ದೊಡ್ಡಾಸ್ಪತ್ರೆಯ ಚರ್ಮರೋಗ ವಿಭಾಗಕ್ಕೆ ಹೋಗಲು ಹೇಳಿದೆ. ಪರೀಕ್ಷೆಯಲ್ಲಿ ಕ್ರೋಮಿಯಂ ಒಗ್ಗದೆಂದು ಬಂತು. ಗಾರೆ ಬಿಟ್ಟು ಕಂಬಿ ಕಟ್ಟುವ ಕೆಲಸಕ್ಕೆ ಸೇರಿದರು. ಕೈ ಮಾದರೂ ಪಾದದ ತುರಿಕೆ ನಿಲ್ಲಲಿಲ್ಲ. ಚರ್ಮ ಹದ ಮಾಡಲೂ ಕ್ರೋಮಿಯಂ ಲವಣ ಬಳಸುತ್ತಾರೆಂದು ವೈದ್ಯರು ವಿವರಿಸಿದ ಮೇಲೆ ಚರ್ಮದ ಚಪ್ಪಲಿ ಬಿಟ್ಟು ಪ್ಲಾಸ್ಟಿಕ್ ಚಪ್ಪಲಿ ಮೆಟ್ಟಿದರು. ಹೊಸ ಕೆಲಸದಲ್ಲಿ ಕೂಲಿ ಮೊದಲಿಗಿಂತ ಕಡಿಮೆ. ಮೇಸ್ತ್ರಿ ಎಂಬ ಹೆಸರೂ ಹೋಯಿತು. ಹದಿನೈದು ವರ್ಷದ ಕಸುಬನ್ನು ಬಿಡುವುದು ಸುಲಭದ ಮಾತಲ್ಲ. ಅದಕ್ಕೇ ರೋಗ ಬರುವ ಮುನ್ನವೇ ಕೈಯನ್ನು ಕಾಪಾಡಿಕೊಳ್ಳಬೇಕು ಎನ್ನುವುದು.

ಮುಂದಿನ ಸಭೆಗೆ ಅವರು ಬಂದಾಗ ಪೆನ್ನು ಹಿಡಿದು ನಿಧಾನವಾಗಿ ಸಹಿ ಹಾಕಿದರು. ಮನೆಯಲ್ಲಿ ತಟ್ಟೆ ಈಗ ಎಲ್ಲರ ಜೊತೆಗೇ ಇದೆ ಎಂದರು. ಪರೀಕ್ಷೆ ಮುಗಿದ ಮೇಲೆ ರಜೆಯಲ್ಲಿ ಮಗ ಕಾಂಕ್ರೀಟ್ ಕೆಲಸಕ್ಕೆ ಹೊರಟಿದ್ದ. ಅವನಿಗೊಂದು ಜೊತೆ ಕೈಗವಸು ಕೊಂಡು ತಂದಿದ್ದರು.